ದಿನಾ ಬೆಳಿಗ್ಗೆ ಎಫ್2 ಒತ್ತುವ ಕಂಪ್ಯೂಟರಿಗೆ ಲಿನಕ್ಸ್ ಹಾಕುವ ಮುಂಚೆ ಇದನ್ನು ಓದಿ

ಕೊಡಗಿನ ನಾಪೋಕ್ಲು ಕಡೆಯ ಒಂದು ತೋಟದ ಮನೆಯಲ್ಲಿ ಮಳೆಗಾಲದಲ್ಲಿ ಒಂದೇ ಕಂಪ್ಯೂಟರಿಗೆ ಮೂರು ಸಲ ಲಿನಕ್ಸ್, ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಉಚಿತ ಸಿಸ್ಟಮ್, ಹಾಕಿದರು. ಮೂರು ಸಲವೂ ಮಾರನೇ ದಿನ ಅದು ಮಾಯ. ಮೂರನೇ ಸಲ ಡಿ ಡ್ರೈವಿನಲ್ಲಿದ್ದ ಹತ್ತು ವರ್ಷದ ಆಳಿನ ಲೆಕ್ಕ, ಕರಿಮೆಣಸು ತೂಗಿದ ಚೀಟಿಗಳ ಸ್ಕ್ಯಾನ್, ಮದುವೆ ಫೋಟೋ ಎಲ್ಲವೂ ಅದರ ಹಿಂದೆಯೇ ಹೋದವು. ತಪ್ಪು ಲಿನಕ್ಸಿನದಲ್ಲ. ಮದರ್‌ಬೋರ್ಡಿನ ಮೇಲೆ ಕೂತಿರುವ, ನೂರು ರೂಪಾಯಿಯೊಳಗೆ ಸಿಗುವ ನಾಣ್ಯದಂಥ ಒಂದು ಸೆಲ್ ಸತ್ತಿತ್ತು. ಅದನ್ನು ಯಾರೂ ನೋಡಲಿಲ್ಲ.

ವಿಂಡೋಸ್ 10ರ ಮಾಮೂಲಿ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆ ಡೆಸ್ಕ್‌ಟಾಪ್‌ಗಳಿಗೆ ವಿಂಡೋಸ್ 11 ಹತ್ತುವುದಿಲ್ಲ, ಹಾಗಾಗಿ ಎಲ್ಲರೂ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿ ನೋಡುತ್ತಿದ್ದಾರೆ. ಒಳ್ಳೆಯದೇ. ಆದರೆ ಹತ್ತು ಹನ್ನೆರಡು ವರ್ಷದ ಹಳೆ ಯಂತ್ರ, ಕಕ್ಕಡದ (ಜುಲೈ-ಆಗಸ್ಟಿನ) ಮಳೆ, ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಕರೆಂಟ್ ಈ ಮೂರೂ ಕೂಡಿದ ಕಡೆ ಬೆಂಗಳೂರಿನಲ್ಲಿ ಕೂತು ಮಾಡಿದ ವಿಡಿಯೋ ನೋಡಿ ಹಾಕಿದರೆ ಸಾಲದು.

ಆ ಕಂಪ್ಯೂಟರ್ ಬೆಳಿಗ್ಗೆ ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ನಾಲ್ಕು ಸಾಲು ತೋರಿಸಿ ನಿಲ್ಲುತ್ತಿತ್ತು. ಸಿಮಾಸ್ ಸೆಟ್ಟಿಂಗ್ (ಬೋರ್ಡು ನೆನಪಿಟ್ಟುಕೊಳ್ಳುವ ಸೆಟ್ಟಿಂಗ್) ಕೆಟ್ಟಿದೆ, ಎಫ್1 ಒತ್ತಿದರೆ ಸೆಟಪ್, ಎಫ್2 ಒತ್ತಿದರೆ ಡಿಫಾಲ್ಟ್ ಹಾಕಿಕೊಂಡು ಮುಂದೆ ಹೋಗುತ್ತೇನೆ, ಅನ್ನುವುದು ಅದರ ಅರ್ಥ. ಮನೆಯವರು ಒಂದು ವರ್ಷದಿಂದ ಎಫ್2 ಒತ್ತುತ್ತಿದ್ದರು, ಗೇಟಿನ ಚಿಲಕ ತೆಗೆದಷ್ಟು ಸಲೀಸಾಗಿ. ಎಫ್2 ಒತ್ತಿದಾಗಲೆಲ್ಲ ಬಯೋಸ್‌ನಲ್ಲಿ, ಅಂದರೆ ಬೋರ್ಡಿನೊಳಗಿನ ಸೆಟಪ್‌ನಲ್ಲಿ, ಬದಲಾಯಿಸಿದ್ದೆಲ್ಲ ಅಳಿಸಿಹೋಗಿ, ಬೋರ್ಡು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತಿತ್ತು. ವಿಂಡೋಸ್ ಅದೇ ಸ್ಥಿತಿಯಲ್ಲಿ ಹಾಕಿದ್ದಾದ್ದರಿಂದ ಅದಕ್ಕೆ ಏನೂ ಆಗುತ್ತಿರಲಿಲ್ಲ.

ಸೆಲ್ ಸತ್ತಿದ್ದು ಬೇಸಿಗೆಯಲ್ಲಿ ಗೊತ್ತಾಗುವುದೂ ಕಡಿಮೆ. ಗೋಡೆಯ ಸ್ವಿಚ್ ಆನ್ ಇದ್ದಷ್ಟು ಹೊತ್ತು ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್‌ನಿಂದ (ಒಳಗಿನ ಪವರ್ ಸಪ್ಲೈ ಡಬ್ಬಿಯಿಂದ) 5 ವೋಲ್ಟ್ ಬರುತ್ತಲೇ ಇರುತ್ತದೆ, ಸೆಟ್ಟಿಂಗ್ ಮತ್ತು ಗಡಿಯಾರ ಅದರಲ್ಲೇ ಬದುಕುತ್ತವೆ. ಕರೆಂಟ್ ಹೋದಾಗ, ಇಲ್ಲವೇ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಾಗ ಮಾತ್ರ ಸೆಲ್ಲಿನ ಸರದಿ. ಪ್ಲಗ್ ಕೀಳುವುದು ಸರಿಯಾದ ಅಭ್ಯಾಸವೇ, ಬಿಡಬೇಡಿ.

ಈಗ ಮೂರು ಸಲ ಆಗಿದ್ದೇನು ಅಂತ. ಕಂಪ್ಯೂಟರ್ ಏಳಲು ಎರಡು ವಿಧಾನ: ಹಳೆಯದು ಲೆಗಸಿ (ಬಯೋಸ್ ವಿಧಾನ ಅನ್ನುವುದೂ ಇದನ್ನೇ), ಹೊಸದು ಯುಇಎಫ್‌ಐ. ವಿಂಡೋಸ್ ಇದ್ದದ್ದು ಲೆಗಸಿಯಲ್ಲಿ, ಡಿಸ್ಕಿನ ಪಾಲು ಪಟ್ಟಿ ಹಳೆಯ ಎಂಬಿಆರ್ ಬಗೆಯದು. ವಿಡಿಯೋದಲ್ಲಿ ಹೇಳಿದಂತೆ ಬಯೋಸ್‌ಗೆ ಹೋಗಿ ಸಿಎಸ್‌ಎಂ (ಲೆಗಸಿಗೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಮಾಡಿ ಪೆನ್‌ಡ್ರೈವನ್ನು ಯುಇಎಫ್‌ಐ ವಿಧಾನದಲ್ಲಿ ಎಬ್ಬಿಸಿದರು. ಡಿಸ್ಕ್ ಭಾಗ ಮಾಡುವ ಹೊತ್ತಿಗೆ ಇನ್‌ಸ್ಟಾಲರ್ ಒಂದು ಕಿಟಕಿ ತೆರೆದು ಎಚ್ಚರಿಸುತ್ತದೆ: ನಾನು ಯುಇಎಫ್‌ಐನಲ್ಲಿ ಎದ್ದಿದ್ದೇನೆ, ಆದರೆ ಇಲ್ಲಿ ಬಯೋಸ್ ವಿಧಾನದಲ್ಲಿ ಹಾಕಿದ ಬೇರೆ ಸಿಸ್ಟಮ್ ಇರುವಂತಿದೆ, ಮುಂದುವರಿದರೆ ಆಮೇಲೆ ಅದನ್ನು ಎಬ್ಬಿಸುವುದು ಕಷ್ಟವಾಗಬಹುದು. ಹತ್ತರಲ್ಲಿ ಒಂಬತ್ತು ಜನ ಇಲ್ಲಿ ಓದದೆ ಮುಂದುವರಿಯುತ್ತಾರೆ. ಅಲ್ಲಿಯೇ ನಿಲ್ಲಬೇಕು.

ಅವತ್ತು ಸಂಜೆ ಮಿಂಟ್ ಚೆನ್ನಾಗಿಯೇ ಓಡಿತು. ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಎಫ್2. ಬೋರ್ಡು ಲೆಗಸಿಗೆ ವಾಪಸ್, ನೇರ ವಿಂಡೋಸ್ ಬಂತು, ಲಿನಕ್ಸಿನ ಮೆನುವೇ ಇಲ್ಲ. ಲಿನಕ್ಸ್ ಡಿಸ್ಕಿನಲ್ಲಿ ಹಾಗೆಯೇ ಇತ್ತು, ಬಾಗಿಲು ಮಾತ್ರ ಮುಚ್ಚಿತ್ತು. ಇನ್‌ಸ್ಟಾಲ್ ಸರಿಯಾಗಿಲ್ಲ ಅಂದುಕೊಂಡು ಎರಡನೇ ಸಲ ಹಾಕಿದರು. ಅದೇ ಕಥೆ. ಮೂರನೇ ಸಲ ಹಾಕಿಕೊಟ್ಟವರು, ವಿಂಡೋಸ್ ಅಡ್ಡ ಬರುತ್ತಿದೆ, ಪೂರ್ತಿ ಅಳಿಸಿ ಹಾಕೋಣ, ಡಿ ಡ್ರೈವ್‌ಗೆ ಏನೂ ಆಗಲ್ಲ ಅಂದರು. ಅಳಿಸಿದರು. ಮಾರನೇ ದಿನ ಎಫ್2 ಒತ್ತಿದರೆ ಬೂಟ್ ಆಗುವ ಡಿಸ್ಕ್ ಯಾವುದು ತೋರಿಸಿ ಅನ್ನುವ ಒಂದೇ ಸಾಲು. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

ಸಿ, ಡಿ, ಇ ಬೇರೆ ಬೇರೆ ಡಿಸ್ಕ್ ಅಲ್ಲ. ಮನೆಯ ಕಂಪ್ಯೂಟರುಗಳಲ್ಲಿ ಬಹುಪಾಲು ಒಂದೇ ಡಿಸ್ಕನ್ನು ಗೆರೆ ಎಳೆದು ಪಾಲು ಮಾಡಿದ್ದು. ಇನ್‌ಸ್ಟಾಲರಿನ 'ಇರೇಸ್ ಡಿಸ್ಕ್' ಆ ಗೆರೆಗಳ ಸಮೇತ ಪೂರ್ತಿ ಡಿಸ್ಕನ್ನು ಒರೆಸುತ್ತದೆ. ಕೊನೆಗೊಮ್ಮೆ ಅದು ಕೇಳುತ್ತದೆ ಕೂಡ: ಈ ಬದಲಾವಣೆ ಡಿಸ್ಕಿಗೆ ಬರೆಯಲೇ, ಅಂತ, ಕೆಳಗೆ ಎಸ್‌ಡಿಎ ಎಂದು ಡಿಸ್ಕಿನ ಹೆಸರು. ಅಲ್ಲಿ ನಿಮ್ಮ ಡಿಸ್ಕಿನ ಇಡೀ ಪಾರ್ಟಿಷನ್ ಟೇಬಲ್ (ಆ ಗೆರೆಗಳ ಪಟ್ಟಿ) ಬದಲಾಗುತ್ತದೆ ಎಂದಿದ್ದರೆ, ಮತ್ತು ಲೆಕ್ಕದ ಫೈಲ್ ಇನ್ನೂ ಹೊರಗೆ ಕಾಪಿ ಆಗಿಲ್ಲದಿದ್ದರೆ, 'ಗೋ ಬ್ಯಾಕ್' ಒತ್ತಿ.

ಹಾಗಾದರೆ ಏನು ಮಾಡಬೇಕಿತ್ತು? ಮೊದಲು ಸೆಲ್. ಸಿಆರ್2032, 3 ವೋಲ್ಟ್, ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಹೊರಹಾಕಿ. ಹಳೆಯದನ್ನು ಪಕ್ಕದ ಕ್ಲಿಪ್ ಉಗುರಿನಿಂದ ತಳ್ಳಿ ಎಬ್ಬಿಸಿ, ಹೊಸದನ್ನು ಪ್ಲಸ್ ಮೇಲೆ ಬರುವಂತೆ ಕೂರಿಸಿ. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆದು ನೋಡಿ, 2.7ಕ್ಕಿಂತ ಕಡಿಮೆ ತೋರಿಸಿದರೆ ಅದರ ಆಯಸ್ಸು ಮುಗಿಯಿತು. ಸೆಲ್ ಕೂರುವ ತಗಡಿಗೆ ಹಸಿರು ಕಿಲುಬು ಹಿಡಿದಿದ್ದರೆ ಹೊಸ ಸೆಲ್ ಹಾಕಿಯೂ ಉಪಯೋಗವಿಲ್ಲ, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಒರೆಸಿ. ಆಮೇಲೆ ಬಯೋಸ್‌ನಲ್ಲಿ ತಾರೀಖು, ಸಮಯ ಸರಿಮಾಡಿ ಸೇವ್ ಮಾಡಿ. ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ನೋಡಿ. ತಾರೀಖು, ಸಮಯ ಸರಿಯಾಗಿಯೇ ಉಳಿದಿದ್ದರೆ ಮಾತ್ರ ಲಿನಕ್ಸಿನ ಮಾತು.

ಗಡಿಯಾರ ತಪ್ಪಿದ್ದೆಲ್ಲ ಸೆಲ್ಲಿನ ದೋಷ ಅಲ್ಲ. ಎರಡೂ ಸಿಸ್ಟಮ್ ಇದ್ದು ವಿಂಡೋಸ್‌ನಲ್ಲಿ ಗಂಟೆ ಸರಿಯಾಗಿ ಐದೂವರೆ ತಾಸು ಹಿಂದಿದ್ದರೆ, ಲಿನಕ್ಸ್ ಬೋರ್ಡಿನ ಗಡಿಯಾರಕ್ಕೆ ಯುಟಿಸಿ (ಭಾರತದ ಸಮಯಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ) ಬರೆದಿದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಂಡಿದೆ ಅಷ್ಟೆ. ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಿಂದ ಲೋಕಲ್ ಆರ್‌ಟಿಸಿ (ಬೋರ್ಡಿನ ಗಡಿಯಾರದಲ್ಲಿ ನಮ್ಮ ಸಮಯ) ಆನ್ ಮಾಡಿದರೆ ಹೊಂದಿಕೊಳ್ಳುತ್ತದೆ. ಬಯೋಸ್ ಪರದೆಯಲ್ಲೇ ವರ್ಷ ಹಿಂದಕ್ಕೆ ಹೋಗಿದ್ದರೆ ಅದು ಸೆಲ್. ಅಂಥ ಯಂತ್ರದಲ್ಲಿ ಬ್ರೌಸರ್ ಎಲ್ಲ ಸೈಟಿಗೂ ಸರ್ಟಿಫಿಕೇಟ್ ಎರರ್ ಕೊಡುತ್ತದೆ, ಅಪ್‌ಡೇಟ್ ಮಾಡಲು ಹೋದರೆ ಈ ಫೈಲ್ ಇನ್ನೂ ಜಾರಿಗೆ ಬಂದಿಲ್ಲ ಅನ್ನುತ್ತದೆ. ಜನ ಇಂಟರ್ನೆಟ್ ಸರಿಯಿಲ್ಲ ಅಂದುಕೊಂಡು ಸಿಮ್ ಬದಲಾಯಿಸುತ್ತಾರೆ.

ಎರಡನೆಯದು, ವಿಂಡೋಸ್ ಇರುವ ವಿಧಾನದಲ್ಲೇ ಲಿನಕ್ಸ್ ಹಾಕುವುದು. ವಿಂಡೋಸ್‌ನಲ್ಲಿ ಎಂಎಸ್‌ಇನ್‌ಫೋ32 ತೆರೆದರೆ ಬಯೋಸ್ ಮೋಡ್ ಅನ್ನುವ ಸಾಲಿನಲ್ಲಿ ಲೆಗಸಿ ಅಥವಾ ಯುಇಎಫ್‌ಐ ಎಂದಿರುತ್ತದೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಬಹುದು, ಒಂದರ ಮುಂದೆ ಯುಇಎಫ್‌ಐ ಎಂದು, ಇನ್ನೊಂದರ ಮುಂದೆ ಏನೂ ಇಲ್ಲದೆ. ವಿಂಡೋಸ್ ಲೆಗಸಿ ಆಗಿದ್ದರೆ ಏನೂ ಇಲ್ಲದ್ದನ್ನು ಆರಿಸಿ. ಲೈವ್ ಮಿಂಟ್, ಅಂದರೆ ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡುವ ಮಿಂಟ್, ಎದ್ದ ಮೇಲೂ ಖಾತ್ರಿ ಮಾಡಿಕೊಳ್ಳಬಹುದು: ರೂಟಿನಲ್ಲಿ ಸಿಸ್ ಫೋಲ್ಡರ್, ಅದರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ತಮಾಷೆ ಏನೆಂದರೆ ಆ ಮನೆಯಲ್ಲಿ ಮೊದಲ ದಿನವೇ ಲೆಗಸಿಯಲ್ಲಿ ಹಾಕಿದ್ದಿದ್ದರೆ ಸತ್ತ ಸೆಲ್ ಇಟ್ಟುಕೊಂಡೂ, ದಿನಾ ಎಫ್2 ಒತ್ತಿಕೊಂಡೂ ಮಿಂಟ್ ಓಡುತ್ತಿತ್ತು. ಎಂಬಿಆರ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್ ಅನ್ನುವ ಮಿತಿ ಇದೆ, ನಾಲ್ಕೂ ತುಂಬಿದ್ದರೆ ಒಂದನ್ನು ಖಾಲಿ ಮಾಡಲೇಬೇಕು.

ಪೆನ್‌ಡ್ರೈವ್ ವಿಷಯ. ಮಿಂಟ್ 22ರ ಫೈಲು 3 ಜಿಬಿ ಹತ್ತಿರ. ಮಳೆಯಲ್ಲಿ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿದರೆ ನಡುವೆ ಕಡಿದು, ಮತ್ತೆ ಜೋಡಿಕೊಂಡು, ಗಾತ್ರ ಸರಿಯಿದ್ದೂ ಒಳಗೆ ಕೆಟ್ಟಿರಬಹುದು. ಟೊರೆಂಟಿನಲ್ಲಿ ಇಳಿಸಿ, ಅದು ಪ್ರತಿ ತುಂಡನ್ನೂ ತಾನೇ ಪರೀಕ್ಷಿಸಿ ಕೆಟ್ಟದ್ದನ್ನು ಮತ್ತೆ ತರಿಸಿಕೊಳ್ಳುತ್ತದೆ. ಇಲ್ಲವೇ ವಿಂಡೋಸ್‌ನ ಸರ್ಟ್‌ಯುಟಿಲ್‌ನಿಂದ ಎಸ್‌ಎಚ್‌ಎ256 (ಫೈಲಿನ ಗುರುತಿನ ಸಂಖ್ಯೆ) ತೆಗೆದು ಮಿಂಟ್ ಸೈಟಿನ ಸಂಖ್ಯೆಗೆ ಹೋಲಿಸಿ. ಪೆನ್‌ಡ್ರೈವ್ ತಯಾರಿಸಲು ರೂಫಸ್ ಬಳಸುವುದಾದರೆ ಪಾರ್ಟಿಷನ್ ಸ್ಕೀಮ್ ಎಂಬಿಆರ್ ಇಡಿ, ಆಗ ಎರಡೂ ವಿಧಾನದಲ್ಲಿ ಏಳುತ್ತದೆ. ಹೊಸ ಬಗೆಯ ಜಿಪಿಟಿ ಇಟ್ಟರೆ ಯುಇಎಫ್‌ಐ ಮಾತ್ರ. ಇನ್‌ಸ್ಟಾಲ್ ಅರ್ಧಕ್ಕೆ ನಿಂತು ಎರರ್ ನಂಬರ್ 5, ಇನ್‌ಪುಟ್ ಔಟ್‌ಪುಟ್ ಎರರ್ ಎಂದು ಬಂದರೆ ಮೊದಲ ಅನುಮಾನ ಪೆನ್‌ಡ್ರೈವಿನ ಮೇಲೆ, ಎರಡನೆಯದು ಡಿಸ್ಕಿನ ಮೇಲೆ. ಮುಂದಿನ ಯುಎಸ್‌ಬಿ ತೂತಿಗೆ ತುಕ್ಕು ಹಿಡಿದಿರುವುದು ಹೆಚ್ಚು, ಹಿಂಬದಿಯದಕ್ಕೆ ಚುಚ್ಚಿ.

ತೇವದ ಮಾತು ಬಂತು. ಕುಶಾಲನಗರದಲ್ಲಿ ಇಷ್ಟಿಲ್ಲ, ಆದರೆ ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆ ಬೀರುವಿನೊಳಗಿನ ಬೆಲ್ಟಿಗೆ ಬೂಷ್ಟು ಬರುವಾಗ ರ್‍ಯಾಮಿನ ಚಿನ್ನದ ಹಲ್ಲುಗಳಿಗೆ ಏನೂ ಆಗದೆ ಇರುತ್ತದೆಯೇ? ಒಂದೊಂದು ಸಲ ಒಂದೊಂದು ಜಾಗದಲ್ಲಿ ಇನ್‌ಸ್ಟಾಲರ್ ಬೀಳುತ್ತಿದ್ದರೆ ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಮರಳಿ ಕೂರಿಸಿ, ಮೆಮ್‌ಟೆಸ್ಟ್86 ಪ್ಲಸ್ ಒಂದು ಪೂರ್ತಿ ಸುತ್ತು ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಇನ್‌ಸ್ಟಾಲ್ ಬೇಡ. ಡಿಸ್ಕಿನ ಆರೋಗ್ಯ ಲೈವ್ ಮಿಂಟಿನ 'ಡಿಸ್ಕ್ಸ್' ಆ್ಯಪಿನಲ್ಲೇ ಸ್ಮಾರ್ಟ್ (ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟ ಲೆಕ್ಕ) ಪಟ್ಟಿಯಾಗಿ ಸಿಗುತ್ತದೆ. 197 ಸಂಖ್ಯೆಯ ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕದಲ್ಲಿ, ಸೊನ್ನೆಗಿಂತ ಹೆಚ್ಚಿದ್ದರೆ ಡಿಸ್ಕ್ ಸಾಯುತ್ತಿದೆ, ಡೇಟಾ ಮೊದಲು ಹೊರಗೆ ತೆಗೆಯಿರಿ. 199 ಸಂಖ್ಯೆಯ ಸಾಲು, ಅಂದರೆ ಕೇಬಲ್ಲಿನಲ್ಲಿ ಡೇಟಾ ಬರುವಾಗ ಆದ ತಪ್ಪುಗಳ ಲೆಕ್ಕ, ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿರಬಹುದು, ಸಾಟಾ ಕೇಬಲ್ ಬದಲಾಯಿಸಿ.

ಕರೆಂಟ್. ಮನೆಯ ಇನ್ವರ್ಟರಿನ ಬೆನ್ನಿನಲ್ಲಿ ಅಥವಾ ಮುಂದೆ ಯುಪಿಎಸ್, ಇಕೋ ಎಂದು ಒಂದು ಚಿಕ್ಕ ಸ್ವಿಚ್ ಇರುತ್ತದೆ. ಇಕೋದಲ್ಲಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವುದು ನಿಧಾನ, ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಎಸ್‌ಎಂಪಿಎಸ್ ಉಸಿರು ಹಿಡಿಯುವುದು ಹದಿನೈದು ಹದಿನಾರು ಮಿಲಿಸೆಕೆಂಡ್ ಮಾತ್ರ. ಯುಪಿಎಸ್ ಕಡೆಗೆ ತಳ್ಳಿ. ಫೈಲ್ ಕಾಪಿ ಆಗುವಾಗ ಕರೆಂಟ್ ಹೋದರೆ ಮತ್ತೆ ಹಾಕಬಹುದು, ಆದರೆ ವಿಂಡೋಸ್ ಪಾರ್ಟಿಷನನ್ನು ಕುಗ್ಗಿಸುವಾಗ ಹೋದರೆ ಡೇಟಾಗೇ ಕುತ್ತು. ಆದ್ದರಿಂದ ಕುಗ್ಗಿಸುವ ಕೆಲಸ ಇನ್‌ಸ್ಟಾಲರಿಗೆ ಬಿಡಬೇಡಿ. ಹಿಂದಿನ ದಿನವೇ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 50 ಜಿಬಿ ಬಿಡಿಸಿಕೊಂಡು, ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಅರ್ಧ ನಿದ್ದೆಗೆ ಹೋಗುವ ಸೌಲಭ್ಯ) ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ಇಡಿ.

ಹೊಸ ಲ್ಯಾಪ್‌ಟಾಪ್‌ನವರಿಗೆ ಎರಡು ಮಾತು. ಬಯೋಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ನೋಡಿ, ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಬಯೋಸ್‌ನ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾಯಿಸಿದರೆ ವಿಂಡೋಸ್ ಅದನ್ನು ಕೇಳಬಹುದು. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಸಾಮಾನ್ಯವಾಗಿ ಇಂಟೆಲ್ ಆರ್‌ಎಸ್‌ಟಿ (ಡಿಸ್ಕ್ ನಡೆಸುವ ಒಂದು ವಿಧಾನ) ಅಡ್ಡ ಇರುತ್ತದೆ. ಬಯೋಸ್‌ನಲ್ಲಿ ಸೀದಾ ಎಎಚ್‌ಸಿಐ ಅನ್ನುವ ಮಾಮೂಲಿ ವಿಧಾನಕ್ಕೆ ತಿರುಗಿಸಿದರೆ ವಿಂಡೋಸ್ ನೀಲಿ ಪರದೆಗೆ ಬೀಳುತ್ತದೆ, ಆದ್ದರಿಂದ ಮೊದಲು ವಿಂಡೋಸನ್ನು ಸೇಫ್ ಮೋಡಿನಲ್ಲಿ ಏಳುವಂತೆ ಇಟ್ಟು, ಆಮೇಲೆ ತಿರುಗಿಸಿ, ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಮಾಮೂಲಿಗೆ ತನ್ನಿ.

ಡಿಸ್ಕ್ ಆಗಲೇ ಅಳಿಸಿಹೋಗಿದ್ದರೆ ಆ ಯಂತ್ರ ಆಫ್ ಮಾಡಿ, ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ ನೋಡೋಣ ಅನ್ನಬೇಡಿ, ಪ್ರತಿ ಸಲವೂ ಹಳೆ ಡೇಟಾ ಮೇಲೆ ಹೊಸದು ಕೂರುತ್ತದೆ. ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗವನ್ನು ನಿಜಕ್ಕೂ ಖಾಲಿ ಮಾಡುವ ಟ್ರಿಮ್‌ನಿಂದಾಗಿ ಉಳಿಯುವುದು ಬಹಳ ಕಡಿಮೆ. ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ ಆಸೆ ಇದೆ. ಪೆನ್‌ಡ್ರೈವಿನಿಂದ ಲೈವ್ ಎಬ್ಬಿಸಿ, ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕಿಗೆ ತೆಗೆದು, ಆ ಪಡಿಯಚ್ಚಿನ ಮೇಲೆ ಮೊದಲು ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಓಡಿಸಿ. ಹಳೆ ಡಿ ಪಾರ್ಟಿಷನ್ ಸಿಕ್ಕರೆ ಫೋಲ್ಡರ್ ಸಮೇತ ಬರುತ್ತದೆ. ಸಿಗದಿದ್ದರೆ ಬಿಡಿ ಫೈಲುಗಳನ್ನೇ ಹೆಕ್ಕಿ ತೆಗೆಯುವ ಫೋಟೋರೆಕ್. ಆ ಮನೆಯಲ್ಲಿ ಮೂರು ಇನ್‌ಸ್ಟಾಲ್ ಆಗಿದ್ದರಿಂದ ಟೆಸ್ಟ್‌ಡಿಸ್ಕಿಗೆ ಏನೂ ಸಿಗಲಿಲ್ಲ, ಫೋಟೋರೆಕ್ ಸಾವಿರಾರು ಫೈಲ್ ತೆಗೆದುಕೊಟ್ಟಿತು. ಆದರೆ ಫೋಟೋರೆಕ್ ಹಳೆ ಹೆಸರು ಉಳಿಸಿಕೊಡುವುದಿಲ್ಲ, ಎಲ್ಲವೂ ಎಫ್ ಅಕ್ಷರ ಮತ್ತು ಒಂದು ಉದ್ದ ಸಂಖ್ಯೆ. ಯಾವುದು ಯಾವ ವರ್ಷದ ಆಳಿನ ಲೆಕ್ಕ ಅಂತ ಒಂದೊಂದನ್ನೇ ತೆರೆದು ನೋಡಿ ಹೆಸರಿಡುವ ಕೆಲಸ ಅಲ್ಲಿ ಇನ್ನೂ ಮುಗಿದಿಲ್ಲ.