ಮನೆಯ ಬೈಪ್ಯಾಪ್, ಎರಡು ವರ್ಷ ಬಳಸಿದ ಮೇಲೆ: 5ಕ್ಕೆ 4

ಮೊದಲೇ ಹೇಳಿಬಿಡಬೇಕು, ಬೈಪ್ಯಾಪ್ ಮಾಸ್ಕಿನ ಮೂಲಕ ಒತ್ತಡದ ಗಾಳಿ ಊದುವ ಯಂತ್ರ, ಆಕ್ಸಿಜನ್ ಕೊಡುವ ಯಂತ್ರವಲ್ಲ. ಸಿಒಪಿಡಿಯಲ್ಲಿ (ಉಸಿರುದಾರಿ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಶ್ವಾಸಕೋಶ ಸೋತರೆ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಹೋಗದೆ ರಕ್ತದಲ್ಲೇ ಉಳಿದು, ನೀರಿನೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದನ್ನು ಹೊರದಬ್ಬಲು ಉಸಿರಿಗೆ ಬಲ ಕೊಡುವುದು ಬೈಪ್ಯಾಪ್‌ನ ಕೆಲಸ. ಬೆರಳಿನ ಆಕ್ಸಿಮೀಟರ್ ಆಕ್ಸಿಜನ್ ಮಟ್ಟ ಶೇ. 91 ತೋರಿಸುತ್ತಿದ್ದರೂ ಒಳಗೆ ರಕ್ತ ಹುಳಿಯುತ್ತಿರಬಹುದು. ಅದಕ್ಕೆ ಎಬಿಜಿ, ಅಂದರೆ ಅಪಧಮನಿಯ ರಕ್ತ ತೆಗೆದು ಮಾಡುವ ಪರೀಕ್ಷೆಯೇ ಬೇಕು.

ವರದಿಯಲ್ಲಿ ಪಿಎಚ್ (ಇಳಿದಷ್ಟೂ ರಕ್ತ ಹುಳಿ) 7.35ರಿಂದ 7.45, ಕಾರ್ಬನ್ ಡೈಆಕ್ಸೈಡ್ 35ರಿಂದ 45 ಇರಬೇಕು. ಪಿಎಚ್ 7.31, ಕಾರ್ಬನ್ ಡೈಆಕ್ಸೈಡ್ 62, ಹುಳಿಯನ್ನು ತಗ್ಗಿಸುವ ಬೈಕಾರ್ಬೊನೇಟ್ 30 ಬಂತೆನ್ನಿ. ಬೈಕಾರ್ಬೊನೇಟ್ ಅಷ್ಟು ಏರಿದೆ ಎಂದರೆ ಕಿಡ್ನಿ ಹಲವು ದಿನಗಳಿಂದ ಹುಳಿಯನ್ನು ಸರಿತೂಗಿಸುತ್ತ ಬಂದಿದೆ. ಆದರೂ ಪಿಎಚ್ ಕುಸಿದಿದ್ದರೆ ಹಳೆಯ ತೊಂದರೆಯ ಮೇಲೆ ಹೊಸದೊಂದು ಬಿದ್ದಿದೆ: ಸೋಂಕು, ಕಫ, ಕೆಲವೊಮ್ಮೆ ನಿದ್ದೆಮಾತ್ರೆ. ಇದು ಆಸ್ಪತ್ರೆಗೆ ಸೇರಿದ ವಿಷಯ, ಮನೆಯಲ್ಲಿ ಗುಂಡಿ ಒತ್ತಿ ಸರಿಮಾಡುವಂಥದ್ದಲ್ಲ.

ಡಾಕ್ಟರು 16/6 ಎಂದು ಬರೆದುಕೊಟ್ಟರೆ ಉಸಿರೆಳೆಯುವಾಗ 16, ಬಿಡುವಾಗ 6 ಸೆಂ.ಮೀ. ನೀರಿನ ಒತ್ತಡ. ಕಾರ್ಬನ್ ಡೈಆಕ್ಸೈಡ್ ಇಳಿಸುವುದು ನಡುವಿನ ಆ 10ರ ಅಂತರ. ಕೆಳಗಿನದು 4ಕ್ಕಿಂತ ಇಳಿಯಬಾರದು. ಒಂದೇ ಕೊಳವೆಯ ಯಂತ್ರದಲ್ಲಿ ಬಿಟ್ಟ ಉಸಿರು ಮಾಸ್ಕಿನ ಸಣ್ಣ ತೂತುಗಳಿಂದಲೇ ಹೊರಹೋಗಬೇಕು. ಒತ್ತಡ ಸಾಲದಿದ್ದರೆ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಂಡಂತೆ. ಸದ್ದಾಗುತ್ತದೆಂದು ಆ ತೂತಿಗೆ ಪ್ಲಾಸ್ಟರ್ ಅಂಟಿಸುವ ಜಾಣರೂ ಇದ್ದಾರೆ!

ಒಂದು ಅಂಕ ಕಳೆದದ್ದು ಮಾಸ್ಕಿಗೆ. ಸಿಲಿಕೋನ್ ಅಂಚು ಐದಾರು ತಿಂಗಳಿಗೆ ಮೆತ್ತಗಾಗಿ, ಮೂಗಿನ ಪಕ್ಕ ಸೋರಿದ ಗಾಳಿ ಕಣ್ಣಿಗೆ ಹೊಡೆಯುತ್ತದೆ. ಪಟ್ಟಿ ಬಿಗಿದರೆ ಮೂಗಿನ ಮೇಲೆ ಹುಣ್ಣು. ಯಂತ್ರ ಚಾಲೂ ಮಾಡಿ, ಮಲಗಿದ ಮೇಲೆಯೇ ಪಟ್ಟಿ ಹೊಂದಿಸಿ. ಅದರಡಿ ಎರಡು ಬೆರಳು ತೂರಬೇಕು. ದಿನಾ ಬೆಳಿಗ್ಗೆ ಅಂಚನ್ನು ಸೋಪಿನ ನೀರಲ್ಲಿ ತೊಳೆದರೆ ಮುಖದ ಜಿಡ್ಡು ಹೋಗಿ ಹಿಡಿತ ಉಳಿಯುತ್ತದೆ.

ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್‌ಗೆ ಬೋರ್‌ವೆಲ್ ನೀರು ಹಾಕಿದರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಡಿಸ್ಟಿಲ್ಡ್ ನೀರೇ ಸರಿ. ಬೆಂಗಳೂರಿನ ಡಿಸೆಂಬರ್ ಚಳಿಗೆ ಕೊಳವೆಯೊಳಗೆ ನೀರು ನಿಂತು ಗೊಳಗೊಳ ಅನ್ನುತ್ತದೆ. ಯಂತ್ರ ಮಂಚಕ್ಕಿಂತ ಕೆಳಗಿರಲಿ, ಕೊಳವೆಗೆ ಬಟ್ಟೆ ಸುತ್ತಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಹ್ಯೂಮಿಡಿಫೈಯರ್‌ನ ಹೀಟರ್ ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಆಕ್ಸಿಜನ್ ಜೋಡಿಸಿದ್ದರೆ ಮೊದಲು ಬೈಪ್ಯಾಪ್ ಚಾಲೂ, ಆಮೇಲೆ ಆಕ್ಸಿಜನ್. ನಿಲ್ಲಿಸುವಾಗ ಆಕ್ಸಿಜನ್ ಮೊದಲು. ಇಲ್ಲವಾದರೆ ಅದು ನಿಂತ ಯಂತ್ರದೊಳಗೆ ತುಂಬಿಕೊಂಡು ಬೆಂಕಿಯ ಅಪಾಯ. ಇಂಥ ರೋಗಿಗಳಿಗೆ ಆಕ್ಸಿಮೀಟರ್‌ನಲ್ಲಿ ಗುರಿ 88ರಿಂದ 92. "97 ಬರಲಿ" ಎಂದು ಮನೆಯವರು ಲೀಟರ್ ಏರಿಸಿದಷ್ಟೂ ಕಾರ್ಬನ್ ಡೈಆಕ್ಸೈಡ್ ಏರಬಹುದು.

ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ಯಂತ್ರ ತೋರಿಸುವ ಹಿಂದಿನ ರಾತ್ರಿಯ ಗಾಳಿ ಸೋರಿಕೆಯ ಅಂಕಿ ನೋಡಿ, ಡಾಕ್ಟರಿಗೆ ತಿಳಿಸಿ. ಚಾಚಿದ ಅಂಗೈ ತಾನಾಗಿಯೇ ಪಟಪಟ ಬಡಿದುಕೊಂಡರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ಅಂಕಿ ನೋಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.