ಲೋಟಸ್ ಎಸ್ಪ್ರಿ ಟರ್ಬೊ ಎಸ್‌ಇ (1990): ಹೊಸತನ ಹೋದ ಮೇಲೆ ಬರೆದ ವಿಮರ್ಶೆ

ಹಳೇ ಟರ್ಬೊ ಕಾರು ಇಟ್ಟುಕೊಂಡಿದ್ದೇನೆ ಅಂದರೆ ಸಾಕು, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ) ಕೆಟ್ಟರೆ ಎಷ್ಟಾಗುತ್ತೆ ಅಂತ ಕೇಳುತ್ತಾರೆ. ನನ್ನ ಕಾರಿನ ಟರ್ಬೊ ಇವತ್ತಿನವರೆಗೂ ತಕರಾರು ಮಾಡಿಲ್ಲ. ದುಡ್ಡು ತಿಂದಿದ್ದು ಪೆಟ್ರೋಲ್ ಟ್ಯಾಂಕು, ಒಂದು ಪುಟ್ಟ ನೀರಿನ ಪಂಪು, ಆಮೇಲೆ ಅರ್ತ್ ವೈರುಗಳು. ಹಾಗಾಗಿ ಈ ವಿಮರ್ಶೆಯಲ್ಲಿ ಅವೇ ಜಾಸ್ತಿ.

ನಾನಿರೋದು ಇಂಗ್ಲೆಂಡಿನ ನಾರ್ಫಕ್‌ನಲ್ಲಿ. ಲೋಟಸ್ ಕಂಪನಿ ಈ ಕಾರು ತಯಾರಿಸಿದ ಹೆಥೆಲ್ ಕೂಡ ಇಲ್ಲೇ, ಅದರಿಂದ ಇದರ ಒಳಗುಟ್ಟು ಗೊತ್ತಿರುವ ಮೆಕ್ಯಾನಿಕ್‌ಗಳು ಸಿಗುತ್ತಾರೆ. ಇದು ದೊಡ್ಡ ಪುಣ್ಯ. ಬೇರೆ ಕಡೆ ಇದ್ದಿದ್ದರೆ ಕೊಳ್ಳುತ್ತಲೇ ಇರಲಿಲ್ಲ.

ಎಂಜಿನ್ 2.2 ಲೀಟರ್, ನಾಲ್ಕೇ ಸಿಲಿಂಡರ್, ಸೀಟಿನ ಬೆನ್ನಿಗೆ ಕೂತಿದೆ. ಅಷ್ಟರಲ್ಲೇ 264 ಅಶ್ವಶಕ್ತಿ. ಹೊಸದಿದ್ದಾಗ 0ಯಿಂದ 60 ಮೈಲಿ ವೇಗಕ್ಕೆ 5 ಸೆಕೆಂಡೂ ಬೇಡ ಅಂತ ಕಂಪನಿ ಹೇಳಿಕೊಂಡಿತ್ತು. ಅಳೆದು ನೋಡುವ ಹುಚ್ಚು ನನಗಿಲ್ಲ. 2,500 ಆರ್‌ಪಿಎಂ ಒಳಗೆ ಸಾಧಾರಣ ಕಾರಿನ ಹಾಗೇ ಹೋಗುತ್ತೆ, ಅದು ದಾಟಿ ಟರ್ಬೊದ ಒತ್ತಡ ತೋರಿಸುವ ಬೂಸ್ಟ್ ಮುಳ್ಳು ಮೇಲೆ ಹತ್ತಲು ಶುರುವಾದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತೆ, ಹಿಂದಿನಿಂದ ಸುಯ್ ಅನ್ನೋ ಸದ್ದು ಬರುತ್ತೆ. ಇದಕ್ಕೇ ಅಲ್ವಾ ಇಷ್ಟೆಲ್ಲ ಒದ್ದಾಡೋದು!

ಟರ್ಬೊ ಬಾಳಬೇಕಾದರೆ ಮಾಡಬೇಕಾದ್ದು ಕಡಿಮೆ. ಅದರ ಶಾಫ್ಟ್ ತಿರುಗೋದು ಎಣ್ಣೆಯ ತೆಳು ಪದರದ ಮೇಲೆ. ಜೋರಾಗಿ ಓಡಿಸಿ ಬಂದು ತಟ್ಟನೆ ಆಫ್ ಮಾಡಿದರೆ ಎಣ್ಣೆ ಹರಿಯೋದು ನಿಲ್ಲುತ್ತೆ, ಬಿಸಿ ಮಾತ್ರ ಹಾಗೇ ಉಳಿಯುತ್ತೆ, ಒಳಗಿದ್ದ ಎಣ್ಣೆ ಸೀದು ಕರಿಯಾಗಿ ಬೇರಿಂಗ್‌ಗೆ ಹಿಡಿಯುತ್ತೆ. ಮನೆ ಹತ್ತಿರ ಬಂದಾಗ ನಿಧಾನಕ್ಕೆ ಓಡಿಸಿ, ನಿಲ್ಲಿಸಿದ ಮೇಲೆ ಎರಡು ನಿಮಿಷ ಐಡಲಿಂಗ್‌ನಲ್ಲಿ ಬಿಡಿ. ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ. ಅಷ್ಟೇ.

ಪಂಪಿನ ಕತೆ ಬೇರೆ. ಈ ಮಾಡೆಲ್‌ನಲ್ಲಿ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ನೀರಿನಿಂದ ತಣಿಸಲು ಚಾರ್ಜ್‌ಕೂಲರ್ ಅಂತ ಇದೆ, ಅದಕ್ಕೆ ಬೇರೆಯೇ ರೇಡಿಯೇಟರ್, ಬೇರೆಯೇ ಪಂಪು. ಎಂಜಿನ್ ತಿರುಗಿಸುವ ಆ ಪಂಪಿನ ಒಳಗಿನ ರೆಕ್ಕೆಗಳು ಮುರಿದು ಚೂರಾಗೋದು ಈ ಕಾರಿನ ಹಳೇ ಕಾಯಿಲೆ. ಕಷ್ಟ ಏನಂದರೆ ಕಾರು ನಿಲ್ಲುವುದಿಲ್ಲ. ಪಿಕಪ್ ಸ್ವಲ್ಪ ಕಡಿಮೆಯಾಗುತ್ತೆ, ಇವತ್ತು ಸೆಖೆ ಇರಬೇಕು ಅಂದುಕೊಂಡು ತಿಂಗಳುಗಟ್ಟಲೆ ಓಡಿಸಬಹುದು. ತಣ್ಣಗಿರುವಾಗ ಕೂಲರ್‌ನ ಮುಚ್ಚಳ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿಸಿ ಇಣುಕಿ ನೋಡಿದೆವು. ನೀರು ಬಾವಿ ನೀರಿನಂತೆ ಸುಮ್ನೆ ನಿಂತಿತ್ತು. ಈಗ ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದೇನೆ, ಒರಿಜಿನಲ್ ಬೇಕು ಅನ್ನುವವರು ಏನು ಬೇಕಾದರೂ ಅನ್ನಲಿ.

ಟ್ಯಾಂಕು ಇನ್ನೂ ದುಬಾರಿ ಬಿತ್ತು. ಎಂಜಿನ್ನಿನ ಎಡಬಲಕ್ಕೆ ಒಂದೊಂದು ತಗಡಿನ ಟ್ಯಾಂಕ್ ಇದೆ, ಅಲುಗಬಾರದು ಅಂತ ಸುತ್ತ ಸ್ಪಂಜ್ ಇಟ್ಟಿದ್ದಾರೆ. ಸ್ಪಂಜ್ ಮಳೆನೀರು ಹೀರಿ ಹಿಡಿದುಕೊಳ್ಳುತ್ತೆ, ತಗಡು ತಳದಿಂದ ತುಕ್ಕು ಹಿಡಿಯುತ್ತೆ. ಒಳಗೆ ಪೆಟ್ರೋಲ್ ವಾಸನೆ ಬರ್ತಿದೆ ಅಂತ ಒಂದು ಗ್ಯಾರೇಜಿಗೆ ಹೋದರೆ, ಹಳೇ ಕಾರಲ್ಲಿ ಇದೆಲ್ಲ ಇದ್ದಿದ್ದೇ ಅಂತ ಸಾಗಹಾಕಿದರು, ಬಿಲ್ ಮಾತ್ರ ಕೊಟ್ಟರು. ಇನ್ನೊಬ್ಬ ಮೆಕ್ಯಾನಿಕ್ ಟ್ಯಾಂಕ್ ಇಳಿಸಿದಾಗ ಸ್ಪಂಜಿನ ಜೊತೆ ತಗಡಿನ ಹಕ್ಕಳೆಗಳೂ ಎದ್ದು ಬಂದವು, ಒಂದು ಕಡೆ ಬೆರಳಿಟ್ಟು ಒತ್ತಿದರೆ ಒಳಗೆ ತಗ್ಗುತ್ತಿತ್ತು. ಅಲ್ಯೂಮಿನಿಯಂ ಟ್ಯಾಂಕ್ ಹಾಕಿಸಿದೆ. ಟ್ಯಾಂಕಿನ ಬೆಲೆಗಿಂತ ಬಿಚ್ಚಿ ಕಟ್ಟುವ ಕೂಲಿಯೇ ಜಾಸ್ತಿ. ಈ ಕಾರಿನಲ್ಲಿ ಎಲ್ಲವೂ ಹೀಗೇ, ಸಾಮಾನು ಅಗ್ಗ, ಅಲ್ಲಿಗೆ ಕೈ ಹೋಗೋದು ದುಬಾರಿ.

ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ನಡೆಸುವ ಟೈಮಿಂಗ್ ಬೆಲ್ಟನ್ನು ಮೈಲಿ ನೋಡಿಕೊಂಡು ಬದಲಿಸಬೇಡಿ, ವಯಸ್ಸು ನೋಡಿ. ಹರಿದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತೆ, ಆಮೇಲೆ ಎಂಜಿನ್ ಇಳಿಸಬೇಕಾಗುತ್ತೆ. ಬಿಗಿ ಸರಿಯಾಗಿದೆಯಾ ಅಂತ ನೋಡುವ ಕ್ರಮ ಮಜವಾಗಿದೆ: ಬೆಲ್ಟನ್ನು ಬೆರಳಲ್ಲಿ ಮೀಟಿ, ಅದರ ಸದ್ದನ್ನು ಮೈಕಿನಲ್ಲಿ ಹಿಡಿದು ಹರ್ಟ್ಜ್ ಲೆಕ್ಕದಲ್ಲಿ ಓದುತ್ತಾರೆ.

ಕರೆಂಟಿನ ವಿಷಯ. ಬಾಡಿ ಫೈಬರ್‌ಗ್ಲಾಸ್. ತಗಡಿನ ಕಾರಿನ ಹಾಗೆ ಎಲ್ಲೆಂದರಲ್ಲಿ ಬಾಡಿಗೇ ಅರ್ತ್ ಕೊಡಲು ಆಗಲ್ಲ, ಪ್ರತಿಯೊಂದಕ್ಕೂ ವೈರು ಎಳೆಯಬೇಕು. ಆ ವೈರುಗಳು ಸೇರುವ ಬೋಲ್ಟ್ ಕಿಲುಬು ಹಿಡಿದರೆ ದೆವ್ವ ಮೆಟ್ಟಿದ ಹಾಗೆ ಆಡುತ್ತೆ. ಇದರ ಹೆಡ್‌ಲೈಟ್‌ಗಳು ಬಾನೆಟ್ಟಿನೊಳಗಿಂದ ಮೋಟರ್‌ನಿಂದ ಮೇಲೇಳುತ್ತವೆ, ಒಂದು ಎದ್ದು ಇನ್ನೊಂದು ಏಳದೇ ಹೋದದ್ದೂ ಉಂಟು. ಮೋಟರ್ ಬದಲಿಸಿ ಅನ್ನುವವರ ಮಾತು ಕೇಳುವ ಮುಂಚೆ ಉಪ್ಪುಕಾಗದ ಹಿಡಿದು ಅರ್ತ್ ಬೋಲ್ಟ್ ಉಜ್ಜಿ. 1986ರಲ್ಲಿ ಲೋಟಸನ್ನು ಜನರಲ್ ಮೋಟರ್ಸ್ ಕೊಂಡಿತ್ತಲ್ಲ, ಅದರ ಲಾಭ ಇಲ್ಲಿದೆ: ಎಂಜಿನ್ ಕಂಪ್ಯೂಟರ್ ಜಿಎಂನ ಡೆಲ್ಕೊ, ಹಳೇ ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ಇದ್ದರೆ ಮನೆಯಲ್ಲೇ ಓದಬಹುದು. ಹಿಂದಿನ ಲೈಟುಗಳು ಟೊಯೋಟಾದವು, ಗೇರ್‌ಬಾಕ್ಸ್ ರೆನೋದ್ದು. ಸೂಪರ್‌ಕಾರ್ ಅನ್ನುವವರು ಇದನ್ನು ಕೇಳಿ ನಗುತ್ತಾರೆ, ಬಿಲ್ ಕಟ್ಟುವವನಿಗೆ ನಗು ಬರಲ್ಲ, ನೆಮ್ಮದಿಯಾಗುತ್ತೆ.

ಪೆಟ್ರೋಲ್ ಇ5 (ಎಥನಾಲ್ ಶೇ. 5ರವರೆಗೆ) ಮಾತ್ರ ಹಾಕುತ್ತೇನೆ. 2021ರಿಂದ ಇಲ್ಲಿ ಮಾಮೂಲಿ ಪೆಟ್ರೋಲ್ ಇ10 (ಶೇ. 10ರವರೆಗೆ) ಆಗಿದೆ, ಹಳೇ ರಬ್ಬರ್ ಪೈಪುಗಳಿಗೆ ಅಷ್ಟು ಎಥನಾಲ್ ಆಗಿಬರಲ್ಲ. 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೂ ಇಲ್ಲ, ವರ್ಷದ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ನನ್ನದಕ್ಕೆ ಆ ಭಾಗ್ಯ ಬರಲು 2030 ದಾಟಬೇಕು. ಇನ್ಶೂರೆನ್ಸ್ ಮಾತ್ರ ಅಂದುಕೊಂಡಷ್ಟಿಲ್ಲ, ಕಾರಿನ ಬೆಲೆ ಮೊದಲೇ ಒಪ್ಪಿಸಿ ಬರೆಸಿಕೊಳ್ಳಿ. ಊರಿಂದ ಬಂದಿದ್ದ ಭಾವ ಬಿಲ್‌ಗಳ ಫೈಲ್ ತಿರುವಿ ಹಾಕಿ, "ಈ ದುಡ್ಡಲ್ಲಿ ದಾವಣಗೆರೆಲಿ ಒಂದು ಸೈಟ್ ಬರ್ತಿತ್ತಲ್ಲೋ" ಅಂದರು. ಬರ್ತಿತ್ತು. ಅದೇ ಸಂಜೆ ಅವರೇ ಇನ್ನೊಂದು ರೌಂಡ್ ಹೋಗೋಣ ಅಂದರು.

ಕೊಳ್ಳುವವರಿಗೆ: ಕಡಿಮೆ ಓಡಿದ ಕಾರು ಅಂತ ಮರುಳಾಗಬೇಡಿ. ನಿಂತ ಕಾರಿನಲ್ಲಿ ಸೀಲ್ ಒಣಗಿರುತ್ತೆ, ಕ್ಲಚ್ ಸಿಲಿಂಡರ್ ಹಿಡಿದಿರುತ್ತೆ, ಟ್ಯಾಂಕ್ ಕೊಳೆತಿರುತ್ತೆ. ಜಾಸ್ತಿ ಓಡಿ, ದಪ್ಪ ಬಿಲ್ ಫೈಲ್ ಇರುವುದನ್ನೇ ತಗೊಳ್ಳಿ. ನೋಡಲು ಹೋಗುವಾಗ ತೆಳು ಅಟ್ಟೆಯ ಕಿರಿದಾದ ಶೂ ಹಾಕಿಕೊಂಡು ಹೋಗಿ. ಪೆಡಲ್‌ಗಳು ಎಷ್ಟು ಒತ್ತೊತ್ತಾಗಿವೆ ಅಂದರೆ ದಪ್ಪ ಶೂ ಹಾಕಿ ಬ್ರೇಕ್ ಒತ್ತಿದರೆ ಪಕ್ಕದ್ದೂ ಸೇರಿ ಕೆಳಗೆ ಹೋಗುತ್ತೆ.