ಕಾರವಾರದ ಚರ್ಮರೋಗ ಚಿಕಿತ್ಸಾಲಯ: ಮೆಲನೋಮಾ ರೋಗಿಗಳಿಗೆ ಸರಿಯಾದ ಮಾರ್ಗದರ್ಶನ

ಅತ್ತೆಯವರ ಅಂಗಾಲಿನಲ್ಲಿ ಹರಡುತ್ತಿದ್ದ ಕಪ್ಪು ಮಚ್ಚೆಯನ್ನು ಇಲ್ಲಿನ ವೈದ್ಯರು ಡರ್ಮೋಸ್ಕೋಪ್ ಎಂಬ ಚರ್ಮ ನೋಡುವ ಭೂತಗನ್ನಡಿ ಹಿಡಿದು ಅಂಚಂಚನ್ನೂ ಪರೀಕ್ಷಿಸಿ, ಭಾರತೀಯರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಿಸಿಲು ತಾಗದ ಅಂಗಾಲು, ಉಗುರಿನ ಬುಡಗಳಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಂದು ತಿಳಿಸಿ, ಬಯಾಪ್ಸಿಗೆ ಕಳುಹಿಸಿದರು. ರೋಗ ಖಚಿತವಾದ ಮೇಲೆ ಔಷಧ ಪ್ರಯೋಗಕ್ಕೆ ಸೇರುವ ಬಗ್ಗೆ ದೊರೆತ ಮಾರ್ಗದರ್ಶನವೇ ಇಲ್ಲಿನ ಸೇವೆಯ ದೊಡ್ಡ ಗುಣ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು 2009ರ ಜೂನ್‌ನಿಂದ ಸಿಟಿಆರ್‌ಐ ಎಂಬ ಸಾರ್ವಜನಿಕ ಆನ್‌ಲೈನ್ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯವಾಗಿದ್ದು, ಯಾವ ಊರಿನ ಆಸ್ಪತ್ರೆಯಲ್ಲಿ, ಯಾವ ಹಂತದ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆ ಎಂಬುದನ್ನು ವೈದ್ಯರೇ ಅದರಲ್ಲಿ ಹುಡುಕಿ ತೋರಿಸಿದರು. ಪ್ರಯೋಗಕ್ಕೆ ಸೇರಲು ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗದು ಎಂಬ ಮಾತು ಅತ್ತೆಯವರಿಗೆ ಬಹಳ ಧೈರ್ಯ ತಂದಿತು. ಆದರೆ ಕೈಗೆ ಕೊಟ್ಟ ಮಾಹಿತಿಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದ್ದದ್ದು ಸರಿಯಲ್ಲ. ಕನ್ನಡದಲ್ಲೂ ಕೊಂಕಣಿಯಲ್ಲೂ ಅದು ಇರಲೇಬೇಕು.